ಹಿತ್ತಲ ಬಾಗಿಲ ನಾಮಕರಣ

"ಕಿವ್ಯಾಗ ಹೆಸರ ಹೇಳ," ಎಂದು ಅಮೋಘಸಿದ್ದಪ್ಪ ಹೆಂಡತಿಯ ಕಡೆ ಕೈ ಮಾಡಿದ. ನಾಯಿಯ ಕಿವಿಯೊಳಗೆ ತೊಗರಿಕಾಳಿನಷ್ಟು ದಪ್ಪದ ಉಣ್ಣಿಗಳು ಆಗಲೇ ಬಿಡಾರ ಹೂಡಿದ್ದವು. ಹೆಸರಿಗೆ ಜಾಗವೇ ಉಳಿದಿರಲಿಲ್ಲ.

ಇಂದ್ರವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಳು. ಕರುವಿನಷ್ಟು ಎತ್ತರದ ನಾಯಿ. ಬೆಳಗಾವಿ ದಂಡಿನ ಸಾಹೇಬನೊಬ್ಬ ವಿಲಾಯತಿಗೆ ಹೊರಟಾಗ ಬಿಟ್ಟುಹೋದದ್ದನ್ನು ಅಮೋಘಸಿದ್ದಪ್ಪ ಚಕ್ಕಡಿಯಲ್ಲಿ ಕೂಡಿಸಿ ದೊಡವಾಡದ ತನಕ ಮೆರೆಸಿಕೊಂಡು ಬಂದಿದ್ದ. ದಾರಿಯುದ್ದಕ್ಕೂ ಅದು ಇವನ ರುಮಾಲಿನ ಮೇಲೆ ಜೊಲ್ಲು ಸುರಿಸಿತ್ತು. ಸಾಹೇಬರ ಮನೆಯ ಜೊಲ್ಲು ಎಂದು ಇವನು ಒರೆಸಿಕೊಂಡಿರಲಿಲ್ಲ.

ಹೆಸರಿಡಲು ನೆರೆಯ ಲಕ್ಕಪ್ಪ ಬಂದಿದ್ದ. ಅವನಿಗೆ ನಾಯಿಗಿಂತ ಹೆಸರಿಡುವ ಶಾಸ್ತ್ರಕ್ಕೆ ಬೇಯಿಸಿದ ಗುಗ್ಗರಿಯ ಮೇಲೆ ಪ್ರೀತಿ.

"ಹುಲಿಯಾ ಅನ್ರಿ ಧಣ್ಯಾರ."

"ಕಟ್ಟಿಹಾಕೂ ಜಾತಿಗೆ ಹುಲಿ ಹೆಸರ ಯಾಕ?"

"ಹಂಗಾರ ಭೀಮಾ?"

"ಭೀಮ ಅಣ್ಣನ ಮಾತ ಕೇಳಾಂವ. ಬ್ಯಾಡ."

ಅಲ್ಲಿಗೆ ಲಕ್ಕಪ್ಪನಿಗೆ ಗಾಳಿ ಬೀಸುವ ದಿಕ್ಕು ತಿಳಿಯಿತು. ಮನೆ ಹಿಸೆಯಾದಾಗ ತಲೆಬಾಗಿಲು ಅಣ್ಣ ಶಟ್ಟೆಪ್ಪನಿಗೆ, ಹಿತ್ತಲ ಬಾಗಿಲು ಅಮೋಘಸಿದ್ದಪ್ಪನಿಗೆ ಬಂದಿತ್ತು. ಅಂದಿನಿಂದ ಇವನು ಮನೆಯೊಳಗೆ ಹೋಗುವಾಗಲೆಲ್ಲ ಹೊರಗೆ ಬಿದ್ದವನಂತೆ ಮುಖ ಮಾಡುತ್ತಿದ್ದ.

"ಶಟ್ಟ್ಯಾ!" ಎಂದ ಅಮೋಘಸಿದ್ದಪ್ಪ, ನಡುಗೋಡೆಯ ಆಚೆಗೂ ಕೇಳುವಂತೆ. "ಇದರ ಹೆಸರ ಶಟ್ಟ್ಯಾ!"

ಲಕ್ಕಪ್ಪ ನಕ್ಕ. ಬಾಯಲ್ಲಿದ್ದ ಗುಗ್ಗರಿ ಅಂಗಳಕ್ಕೆ ಹಾರಿತು; ನಾಯಿ ನೆಕ್ಕಿತು.

"ಏ, ಕಿವ್ಯಾಗ ಹೇಳ," ಎಂದು ಗಂಡ ಮತ್ತೆ ಇಂದ್ರವ್ವನ ಕಡೆ ತಿರುಗಿದ.

"ಭಾವಾರ ಹೆಸರ ನಾ ಹೆಂಗ ಹೇಳ್ಲಿ?" ಎಂದಳು ಇಂದ್ರವ್ವ. ಗಂಡನ ಹೆಸರನ್ನೇ ಅವಳು ಮದುವೆಯ ದಿನ ಒಡಪಿನ ಪದ್ಯ ಕಟ್ಟಿ ಒಮ್ಮೆ ಹೇಳಿದ್ದು. ಮತ್ತೆ ತುಟಿಗೆ ತಂದಿರಲಿಲ್ಲ. ಇನ್ನು ಭಾವನ ಹೆಸರು! ಸೊಸೆಯಾಗಿ ಬಂದಂದಿನಿಂದ ಶಟ್ಟೆಪ್ಪ ಅವಳಿದ್ದ ಕಡೆ ಬರುವ ಮೊದಲು ಒಮ್ಮೆ ಕೆಮ್ಮುತ್ತಿದ್ದ, ಅವಳು ಸೆರಗು ಸರಿಮಾಡಿಕೊಳ್ಳಲೆಂದು. ಹದಿನಾರು ವರ್ಷದಲ್ಲಿ ಆ ಕೆಮ್ಮು ಒಂದು ದಿನವೂ ತಪ್ಪಿರಲಿಲ್ಲ.

"ಬಾಯಿ ಸವದು ಹೊಕ್ಕೈತೇನ?" ಎಂದು ಗಂಡ ತಾನೇ ಬಗ್ಗಿ, ಉಣ್ಣಿಗಳ ಸಮಕ್ಷಮದಲ್ಲಿ ಅಣ್ಣನ ಹೆಸರು ಊದಿದ.

ಹದಿನೈದು ದಿನ ಆಯಿತು. ಅಂಗಳ ಗುಡಿಸುವುದು, ಮೂಳೆ ಎತ್ತುವುದು, ಒಲೆಯ ಮುಂದೆ ಅದು ಕಾರಿದ್ದನ್ನು ಬೂದಿ ಹಾಕಿ ಬಳಿಯುವುದು ಇಂದ್ರವ್ವನ ಪಾಲು. ದಿನಕ್ಕೆ ಹತ್ತು ಸಲ "ಶಟ್ಟ್ಯಾ, ಹೇಲ ತಿನ್ನಬ್ಯಾಡೋ!" ಎಂದು ಕೂಗುವುದು ಗಂಡನ ಪಾಲು. ಗೋಡೆಯ ಆಚೆ ಶಟ್ಟೆಪ್ಪ ತನ್ನ ಪಾಡಿಗೆ ಗಬ್ಬದ ಎಮ್ಮೆಗೆ ಮೇವು ಹಾಕುತ್ತಿದ್ದ.

ಅಮೋಘಸಿದ್ದಪ್ಪ ಬೈಲಹೊಂಗಲ ಸಂತೆಗೆ ಹೋದ ದಿನ ಹಿತ್ತಲಲ್ಲಿ ಕೆಮ್ಮು ಕೇಳಿಸಿತು. ಇಂದ್ರವ್ವ ಸೆರಗು ಹೊದ್ದುಕೊಂಡು ಹೊರಗೆ ಬರುವಷ್ಟರಲ್ಲಿ ಗಡಿಗೆ ಒಡೆದ ಸದ್ದು. ಎಮ್ಮೆ ಈದಿತ್ತೆಂದು ಶಟ್ಟೆಪ್ಪ ತಮ್ಮನ ಮನೆಗೆ ಗಿಣ್ಣದ ಹಾಲು ತಂದಿದ್ದ. ಹಾಲು ನೆಲದ ಮೇಲಿತ್ತು, ಮುದುಕನೂ ನೆಲದ ಮೇಲಿದ್ದ, ಅವನ ಮುಂಗೈ ನಾಯಿಯ ಬಾಯಲ್ಲಿತ್ತು.

"ಕುರ್ಯೋ! ಕುರ್ಯೋ! ಹಚಾ!" ಎಂದು ಕರೆದಳು, ಗದರಿದಳು. ಕಸಬರಿಗೆಯಿಂದ ಹೊಡೆದಳು. ಕಸಬರಿಗೆ ಮುರಿಯಿತು. ನಾಯಿ ಒಂದೇ ಹೆಸರು ಕಲಿತಿತ್ತು.

ಇಂದ್ರವ್ವ ಕಣ್ಣು ಮುಚ್ಚಿದಳು.

"ಶಟ್ಟ್ಯಾ! ಬಿಡೋ!"

ನಾಯಿ ಬಿಟ್ಟಿತು. ಇಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಶಟ್ಟೆಪ್ಪ ರಕ್ತದ ಕೈಯನ್ನು ಧೋತರದ ತುದಿಯಲ್ಲಿ ಸುತ್ತಿಕೊಂಡು ಎದ್ದ. ಅವಳ ಮುಖ ನೋಡಲಿಲ್ಲ, ಎಂದೂ ನೋಡಿದವನಲ್ಲ.

"ಅಳಬ್ಯಾಡ ತಂಗಿ. ಹೆಸರ ಛಲೋನ ಐತಿ," ಎಂದ. "ನಮ್ಮ ಮುತ್ಯಾಂದು. ಹಿರೇಮಗಾ ಅಂತ ನಮ್ಮಪ್ಪ ನನಗ ಇಟ್ಟಿದ್ದ. ತಮ್ಮಗ ಅದು ಮರ್ತಿರಬೇಕ."

ಅವನು ಹೋದ ಮೇಲೆ ಇಂದ್ರವ್ವ ಬಾಯಿ ಮುಕ್ಕಳಿಸಿದಳು. ಉಪ್ಪು ಹಾಕಿ ಇನ್ನೊಮ್ಮೆ ಮುಕ್ಕಳಿಸಿದಳು. ಗಿಣ್ಣವನ್ನೆಲ್ಲ ನಾಯಿಯೇ ನೆಕ್ಕಿತು.

ಸಂಜೆ ಗಂಡ ಬಂದು ಸುದ್ದಿ ಕೇಳಿ ಕಟ್ಟೆಯ ಮೇಲೆ ಕುಂತು ತೊಡೆ ತಟ್ಟಿಕೊಂಡು ನಕ್ಕ. ನಗುನಗುತ್ತ ನಾಯಿಯ ಮೂತಿ ಹಿಡಿದು ಮುದ್ದಾಡಿದ. ಅಣ್ಣನ ರಕ್ತ ಇನ್ನೂ ಅದರ ಗಲ್ಲದ ಕೂದಲಿಗೆ ಅಂಟಿತ್ತು.

"ನಿನ್ನ ಬಾಯಾಗಿಂದನೂ ಬಂತಲ್ಲ! ಹೆಂಗ ಅಂದಿ? ಇನ್ನೊಮ್ಮೆ ಅನ್ನ ನೋಡೂಣು!"

ಇಂದ್ರವ್ವ ಒಳಗೆ ಹೋಗಿ ಮಣ್ಣಿನ ಬೋಗುಣಿಯಲ್ಲಿ ಜೋಳದ ನುಚ್ಚು ಕಲಸಿ ತಂದು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಇಟ್ಟಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ನಡುಗೋಡೆಯ ಆಚೆಗೂ ಕೇಳುವಂತೆ ಕರೆದಳು:

"ಅಮೋಘ್ಯಾ! ಬಾ, ಉಣ್ಣು!"

ನಗು ನಿಂತಿತು. ನಾಯಿ ಒಮ್ಮೆ ಅವನನ್ನು, ಒಮ್ಮೆ ಬೋಗುಣಿಯನ್ನು ನೋಡಿ, ಬಾಲ ಆಡಿಸುತ್ತ ಎದ್ದು ಬಂದಿತು.

ಗೋಡೆಯ ಆಚೆ ಯಾರೋ ಒಮ್ಮೆ ಕೆಮ್ಮಿದರು.