ಮಾತಿಗೆ ಬಿದ್ದ ಕತ್ತರಿ

ಟೈಲರಮ್ಮನಿಗೆ ಯಾವುದೂ ಒಪ್ಪುತ್ತಿರಲಿಲ್ಲ. ಎದುರು ಮನೆಯವರ ಹೊಸ ಗೇಟು ಅವಳ ಕಣ್ಣಿಗೆ ಜೈಲಿನ ಬಾಗಿಲು. ಮೂಲೆಯ ಬೇಕರಿಯ ಬ್ರೆಡ್ಡು ದಿಂಬಿಗೆ ತುಂಬಲಷ್ಟೇ ಯೋಗ್ಯ. ಗಂಡ ತಂದ ಕೊಡೆ ಬಿಸಿಲಿಗೂ ಮಳೆಗೂ ಒಂದೇ ಸಮನೆ ದ್ರೋಹ ಬಗೆಯುವಂಥದ್ದು. ತಾನು ಹೊಲಿದದ್ದೊಂದನ್ನು ಬಿಟ್ಟರೆ ಲೋಕದಲ್ಲಿ ಉಳಿದದ್ದೆಲ್ಲ ಅಳತೆ ತಪ್ಪಿದ್ದು ಎಂದು ಅವಳು ನಂಬಿದ್ದಳು. ಬೀದಿಯ ಜನ ಎದುರಿಗೆ ಟೈಲರಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಸೂಜಿಬಾಯಿ. ಅದು ಅವಳ ಕಿವಿಗೂ ಬಿದ್ದಿತ್ತು. “ಹೆಸರಿಡೋಕೂ ಬರಲ್ಲ ಇವಕ್ಕೆ. ಸೂಜಿಗೆ ಬಾಯಿರಲ್ಲ, ಕಣ್ಣಿರೋದು” ಎಂದು ಅದನ್ನೂ ಹೀಗಳೆದಿದ್ದಳು.

ಇಂಥವಳು ಒಂದು ಫೋನನ್ನು ತಾನಾಗಿಯೇ ಮೆಚ್ಚಿ ಕೊಂಡಳೆಂದರೆ ಅದಕ್ಕೆ ಕಾರಣವಿತ್ತು. ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಅವಳ ಬೆರಳ ತುದಿಗಳು ಚಕ್ಕಳದಂತೆ ಗಟ್ಟಿಯಾಗಿದ್ದವು. ಗಾಜಿನ ಫೋನುಗಳಿಗೆ ಅವಳು ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. ಉಜ್ಜಿ, ತಟ್ಟಿ, ಕೊನೆಗೆ ಗುದ್ದಿ, ಗಂಡನ ಫೋನಿನ ಗಾಜಿಗೆ ಒಂದು ಸಲ ಬಿರುಕು ಬಿಡಿಸಿದ್ದೂ ಆಗಿತ್ತು. ಹಾಗಿರುವಾಗ ದೊಡ್ಡ ಬೀದಿಯ ಅಂಗಡಿಯಲ್ಲಿ ಅಗ್ಗದ ಫೋನೊಂದು ಬಂತು. ಮೇಲುಭಾಗವನ್ನು ಪಕ್ಕಕ್ಕೆ ತಳ್ಳಿದರೆ ಮೇಜಿನ ಖಾನೆಯಂತೆ ಕೆಳಗಿನಿಂದ ಕೀಲಿಮಣೆ ಈಚೆ ಬರುತ್ತಿತ್ತು. ಅಕ್ಷರಕ್ಕೊಂದು ಗುಂಡಿ. ಜನ ಅದನ್ನು ಡ್ರಾಯರ್ ಫೋನ್ ಎಂದು ಕರೆದರು. ಟೈಲರಮ್ಮ ಗುಂಡಿ ಒತ್ತಿ ನೋಡಿದಳು, ಟಕ್ ಎಂದಿತು. ಗುಂಡಿ ಎಂದರೆ ಅವಳಿಗೆ ನಂಬಿಕೆ. ಮನೆಗೆ ತಂದಳು.

ಒಂದು ತಿಂಗಳು ನೆಟ್ಟಗೆ ನಡೆಯಿತು. ಆಮೇಲೆ ಉಕಾರದ ಕೊಂಬಿನ ಗುಂಡಿ ಕೈಕೊಟ್ಟಿತು. ಅವಳ ಗಿರಾಕಿಗಳಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ, ಬಟ್ಟೆಯ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ಹೆಂಗಸೊಬ್ಬಳಿದ್ದಳು. ‘ಎಡಗಡೆ ತೋಳು ಸಡಿಲ ಇದೆ, ಕತ್ತರಿಸಲಾ?’ ಎಂದು ಟೈಲರಮ್ಮ ಅವಳಿಗೆ ಬರೆದಳು. ಹೋಗಿ ತಲುಪಿದ್ದು ‘ಎಡಗಡೆ ತೋಳ ಸಡಿಲ ಇದೆ, ಕತ್ತರಿಸಲಾ?’ ಎಂದು.

‘ಯಾವ ತೋಳ?’ ಎಂದು ಉತ್ತರ ಬಂತು.

ಅದನ್ನು ಹೇಗೋ ನಗೆಯಲ್ಲಿ ತೇಲಿಸಬಹುದಿತ್ತು. ಮುಂದಿನದನ್ನು ತೇಲಿಸಲಾಗಲಿಲ್ಲ. ಈ ಫೋನಿನ ಖಾನೆ ತೆರೆದರೆ ಕರೆ ತಾನಾಗಿಯೇ ಎತ್ತಿಕೊಳ್ಳುತ್ತಿತ್ತು. ಖಾನೆಯೋ ದಿನದಿಂದ ದಿನಕ್ಕೆ ಸಡಿಲವಾಗಿ, ಮುಟ್ಟಿದರೆ ಸಾಕು, ಮುದುಕನ ಬಾಯಿಯಂತೆ ತೆರೆದುಕೊಳ್ಳತೊಡಗಿತು. ಒಂದು ಮಧ್ಯಾಹ್ನ ಫೋನು ಬಟ್ಟೆಯ ರಾಶಿಯಡಿ ಬಿದ್ದಿತ್ತು. ಹೊಲಿಗೆ ಯಂತ್ರದ ಸದ್ದಿಗೆ ರಿಂಗಾದದ್ದು ಕೇಳಿಸಲಿಲ್ಲ. ಪಕ್ಕದಲ್ಲಿ ಗುಂಡಿಯ ತೂತಿಗೆ ಕಾಜಾ ಹಾಕುತ್ತ ಕೂತಿದ್ದ ಅತ್ತೆಗೆ ಟೈಲರಮ್ಮ ಹೇಳುತ್ತಿದ್ದಳು: “ಬ್ಯಾಂಕಿನವಳದು ಹೊಲಿಯೋದು ಅಂದ್ರೆ ತಲೆನೋವು. ಆಯಮ್ಮನ ಹೊಟ್ಟೆ ಎಲ್ಲಿ ಶುರುವಾಗುತ್ತೆ, ಸೊಂಟ ಎಲ್ಲಿ ಮುಗಿಯುತ್ತೆ ಅಂತ ಟೇಪಿಗೇ ಗೊತ್ತಾಗಲ್ಲ.”

“ನನಗೆ ಗೊತ್ತಾಯ್ತು” ಎಂದಿತು ಬಟ್ಟೆಯ ರಾಶಿ.

ಸಂಜೆಯೊಳಗೆ ಬ್ಯಾಂಕಿನವಳು ಬಂದು, ಅರ್ಧ ಹೊಲಿದ ಬಟ್ಟೆಯನ್ನು ಸೂಜಿ ಸಮೇತ ಕಿತ್ತುಕೊಂಡು ಹೋದಳು.

ಮರುದಿನ ಟೈಲರಮ್ಮ ಫೋನನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು ಅಂಗಡಿಗೆ ನಡೆದಳು. ಅಲ್ಲಿ ಅವಳಂಥವರದೇ ಸಾಲು. ಟ್ಯಾಕ್ಸಿ ಓಡಿಸುವವನೊಬ್ಬ ತನ್ನ ಡ್ರಾಯರ್ ಅರ್ಧಕ್ಕೆ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಕಾಲೇಜಿನಲ್ಲಿ ಪಾಠ ಹೇಳುವವನೊಬ್ಬನದು ಕತ್ತಲಲ್ಲಿ ತಾನೇ ತೆರೆದುಕೊಂಡು ಪ್ರಾಂಶುಪಾಲರಿಗೆ ಕರೆ ಮಾಡುತ್ತಿತ್ತಂತೆ.

ಅಂಗಡಿಯ ಮ್ಯಾನೇಜರು ಅವಳ ಫೋನನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮುಖದಲ್ಲಿ ಇಸ್ತ್ರಿ ಮಾಡಿಟ್ಟಂಥ ನಗೆಯಿತ್ತು.

“ಮೇಡಂ, ಸಂದಿಯಲ್ಲಿ ನೂಲು ಸಿಕ್ಕಿದೆ. ಇದನ್ನ ಬಟ್ಟೆ ಹತ್ತಿರ ಇಡಬಾರದು.”

“ನಾನು ಟೈಲರು ಕಣಪ್ಪ. ಬಟ್ಟೆ ಹತ್ತಿರ ಇಡದೆ ಇನ್ನೆಲ್ಲಿಡಲಿ, ಪಕ್ಕದ ಮನೇಲಾ?”

“ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?”

“ಮಾಡಿದೆ. ಸತ್ತು ಹುಟ್ಟಿದ ಮೇಲೂ ಇದರ ಬುದ್ಧಿ ಹಾಗೇ ಇದೆ.”

ಅಷ್ಟರಲ್ಲಿ ಕ್ಯಾಮೆರಾ ಹೊತ್ತ ನಾಲ್ಕಾರು ಜನ ಒಳಗೆ ಬಂದರು. ಕಂಪನಿಯವರಂತೆ. ‘ಗ್ರಾಹಕರ ಅನುಭವ’ ಚಿತ್ರೀಕರಣವಂತೆ. ಮಾತಾಡಿದವರಿಗೆಲ್ಲ ಒಂದು ಕೈಚೀಲ, ಒಂದು ಟೋಪಿ. ಇಷ್ಟು ಹೊತ್ತು ಬಯ್ಯುತ್ತಿದ್ದ ಟ್ಯಾಕ್ಸಿಯವನು ದೀಪದ ಮುಂದೆ ನಿಂತವನೇ “ಸೂಪರ್ ಫೋನು, ಸೂಪರ್” ಎಂದು ಹಲ್ಲು ಕಿರಿದ. ಕಾಲೇಜಿನವನು ತಲೆ ಬಾಚಿಕೊಂಡು ‘ಸಾಮಾನ್ಯ ಜನರ ಸಂಗಾತಿ’ ಎಂದೇನೋ ಗೀಚಿಕೊಂಡು ಬಂದು ಓದಿದ. ಟೋಪಿ ಕೊಟ್ಟರೆ ತಲೆಯನ್ನೂ ಕೊಡುವ ಜನ ಎಂದು ಟೈಲರಮ್ಮ ಮುಖ ಸಿಂಡರಿಸಿದಳು.

“ನೀವೂ ಮಾತಾಡ್ತೀರಾ, ಆಂಟಿ?” ಎಂದು ಕ್ಯಾಮೆರಾದ ಹುಡುಗಿ ಕೇಳಿದಳು.

“ಧಾರಾಳವಾಗಿ.”

ಮಾತಾಡಿದಳು. ಎದೆಯಲ್ಲಿದ್ದದ್ದನ್ನೆಲ್ಲ ಮಡಿಕೆ ಬಿಡಿಸಿ ಹರವಿದಳು. ಹುಡುಗಿ ನಡುನಡುವೆ ತಲೆದೂಗಿದಳು, “ಸಕತ್ತಾಗಿ ಮಾತಾಡ್ತೀರಾ ಆಂಟಿ” ಎಂದಳು. ಟೈಲರಮ್ಮ ಕೈಚೀಲವನ್ನು ತಿರುಗಿಸಿ ಹೊಲಿಗೆ ನೋಡಿ, “ಇದನ್ನ ಹೊಲಿದವನಿಗೂ ಒಂದು ಟೋಪಿ ಕೊಡಿ” ಎಂದು ಅಲ್ಲೇ ಬಿಟ್ಟು ಬಂದಳು. ಫೋನು ರಿಪೇರಿಯಾಗಲಿಲ್ಲ, ಆದರೆ ಅಂದು ಅವಳಿಗೆ ಹಾಯಾಗಿ ನಿದ್ದೆ ಬಂತು.

ಕೆಲವು ದಿನ ಕಳೆದು ನಾದಿನಿ ಬಂದಳು. ಅತ್ತೆಗೆ ಒಬ್ಬಳೇ ಮಗಳು, ಎರಡು ಬೀದಿಯಾಚೆ ಸಂಸಾರ. ಅತ್ತಿಗೆಯ ಬಾಯಿಗೆ ಹೆದರಿ ಸಾಮಾನ್ಯವಾಗಿ ಹೊಸದೇನಿದ್ದರೂ ಬಚ್ಚಿಟ್ಟೇ ಬರುವವಳು ಅಂದು ಕುಣಿಯುತ್ತ ಬಂದಳು. ಕೈಯಲ್ಲಿ ಹೊಚ್ಚಹೊಸ ಡ್ರಾಯರ್ ಫೋನು.

“ನೀವು ಕೊಡಿಸೋ ತನಕ ಯಾಕೆ ಕಾಯೋದು ಅಂತ ನಾನೇ ತಗೊಂಡೆ, ಅತ್ತಿಗೆ!”

“ನಾನು ಕೊಡಿಸ್ತೀನಿ ಅಂತ ಯಾವಾಗ ಅಂದೆ?”

ನಾದಿನಿ ಫೋನು ತೆರೆದು ತೋರಿಸಿದಳು. ಪರದೆಯ ಮೇಲೆ ಸಾಕ್ಷಾತ್ ಟೈಲರಮ್ಮ, ಕೊರಳಲ್ಲಿ ಅಳತೆಯ ಟೇಪು. ಹಿಂದೆ ಇಂಪಾದ ಸಂಗೀತ. “ನನ್ನ ಜನ್ಮದಲ್ಲೇ ಇಂಥ ಫೋನ್ ನೋಡಿಲ್ಲ” ಎಂದಳು ಪರದೆಯ ಟೈಲರಮ್ಮ. “ಇದನ್ನ ಮಾಡಿದವರ ಕೈಗೊಂದು ಮುತ್ತಿಡಬೇಕು. ನನ್ನ ನಾದಿನಿಗೂ ಇದನ್ನೇ ಕೊಡಿಸ್ತೀನಿ.” ಅಷ್ಟೇ. ಆಮೇಲೆ ಫೋನಿನ ಚಿತ್ರ, ಅಂಗಡಿಯ ವಿಳಾಸ.

ಟೈಲರಮ್ಮನ ಬಾಯಿಯಲ್ಲಿದ್ದ ಗುಂಡುಪಿನ್ನು ಕೆಳಗೆ ಬಿತ್ತು. ಮಾತು ತನ್ನದೇ, ದನಿ ತನ್ನದೇ. ಆದರೆ ಪ್ರತಿ ಮಾತಿನ ಬಾಲವನ್ನೂ ಯಾರೋ ಕತ್ತರಿಸಿ ಎಸೆದಿದ್ದರು. “ನಾನು ಹೀಗೆ ಹೇಳಿಲ್ಲ ಕಣೆ” ಎಂದಳು. “ನೀವೇ ಅಲ್ವಾ ಇದು?” ಎಂದಳು ನಾದಿನಿ.

ಬೀದಿಯಲ್ಲಿ ಹತ್ತಾರು ಮನೆಯವರು ಆಗಲೇ ಆ ಫೋನು ಕೊಂಡಿದ್ದರು. ಸಾಕ್ಷಾತ್ ಸೂಜಿಬಾಯಿಯೇ ಹೊಗಳಿದ ಮೇಲೆ ಅದರಲ್ಲಿ ಏನೋ ಇರಲೇಬೇಕು ಎಂಬುದು ಜನರ ಲೆಕ್ಕ. ಎಂದೂ ಯಾವುದನ್ನೂ ಮೆಚ್ಚದವಳ ಬಾಯಿಗಿಂತ ದೊಡ್ಡ ಗ್ಯಾರಂಟಿ ಬೇಕೆ? “ಅಯ್ಯೋ ದಡ್ಡ ಮುಂಡೇವಾ, ನನ್ನ ಬಾಯಿ ಗೊತ್ತಿದ್ದೂ ನಂಬಿದ್ರಾ?” ಎಂದು ಅವಳು ಕಂಡಕಂಡವರನ್ನು ಕೇಳಿದಳು. “ಗೊತ್ತಿದ್ದದ್ದಕ್ಕೇ ನಂಬಿದ್ದು” ಎಂದರು ಅವರು. ಕೊಂಬಿನ ಗುಂಡಿ ಕೆಟ್ಟವರೆಲ್ಲ ಈಗ ಅಂಗಡಿಗೆ ಹೋಗುವ ಬದಲು ಅವಳ ಬಾಗಿಲಿಗೇ ಬರತೊಡಗಿದರು.

ಎಲ್ಲಕ್ಕಿಂತ ಕೆಟ್ಟದ್ದು ಮನೆಯೊಳಗಿನ ಮುನಿಸು. ಅತ್ತೆ ತನ್ನ ಮಗಳ ಫೋನಿನಲ್ಲಿ ಆ ಚಿತ್ರವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ್ದಳು. ಮೂರನೆಯ ದಿನ ತಟ್ಟೆಯನ್ನು ಕುಕ್ಕಿ ಇಡುತ್ತ ಬಾಯಿಬಿಟ್ಟಳು.

“ಈ ಮನೆಗೆ ಬಂದಾಗಿನಿಂದ ನನ್ನ ಕೈಯಡುಗೆ ತಿಂತಿದೀಯ. ಒಂದು ದಿನ ಚೆನ್ನಾಗಿದೆ ಅಂದೋಳಲ್ಲ. ಹೋಗಲಿ, ಅವಳ ಬಾಯೇ ಹಾಗೆ ಅಂದ್ಕೊಂಡೆ. ಈಗ ನೋಡಿದ್ರೆ ಒಂದು ಡಬ್ಬಾ ಫೋನಿಗೆ ಮುತ್ತಿಡ್ತೀನಿ ಅಂತಾಳೆ! ಹೊಗಳೋಕೆ ಬಾಯಿತ್ತು, ನನಗೆ ಕೊಡಲಿಲ್ಲ ಅಷ್ಟೆ.”

“ಅತ್ತೆ, ಅದು ನಾನು ಬೈದದ್ದು. ಅವರು ಕತ್ತರಿಸಿದಾರೆ.”

“ಕತ್ತರಿಸೋದು ನಿನ್ನ ಕಸುಬು. ನನಗೇ ಕಥೆ ಹೇಳಬೇಡ.”

ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. ಇಬ್ಬರು ಹೆಂಗಸರ ನಡುವೆ ಊಟದ ಮೇಲೆಯೇ ಗಮನವಿಡಬೇಕೆಂಬ ವಿವೇಕ ಅವನಿಗೆ ಬಹಳ ಹಿಂದೆಯೇ ಬಂದಿತ್ತು.

ಟೈಲರಮ್ಮನಿಗೆ ಅಂದು ಹೊಲಿಗೆ ನೆಟ್ಟಗೆ ಬೀಳಲಿಲ್ಲ. ಬೈದದ್ದಕ್ಕೆ ಜನ ಮುನಿಸಿಕೊಂಡದ್ದು ಅವಳಿಗೆ ರೂಢಿ. ಹೊಗಳಿದ್ದಕ್ಕೆ, ಅದೂ ಹೊಗಳದ ಹೊಗಳಿಕೆಗೆ, ಮುನಿಸು ಕಂಡದ್ದು ಇದೇ ಮೊದಲು. ಮರುದಿನ ನಾದಿನಿಯ ಫೋನಿನ ಖಾನೆಯೂ ಸಿಕ್ಕಿಕೊಂಡಿತು. ಅವಳು ಅಳುಮುಖ ಮಾಡಿಕೊಂಡು ಬಂದದ್ದೇ, ಟೈಲರಮ್ಮ ಯಂತ್ರಕ್ಕೆ ಮುಸುಕು ಹಾಕಿ ಎದ್ದಳು. “ನಡಿ.”

ಅಂಗಡಿಯಲ್ಲಿ ಅಂದೂ ಜನ ತುಂಬಿದ್ದರು. ಗೋಡೆಯ ದೊಡ್ಡ ಟಿವಿಯಲ್ಲಿ ಅವಳದೇ ಚಿತ್ರ ಸುತ್ತಿ ಸುತ್ತಿ ಬರುತ್ತಿತ್ತು. ಮ್ಯಾನೇಜರು ಕೈ ಜೋಡಿಸಿದ.

“ಬನ್ನಿ ಮೇಡಂ! ನಿಮ್ಮಿಂದ ನಮ್ಮ ವ್ಯಾಪಾರ ಎಲ್ಲಿಗೋ ಹೋಯ್ತು.”

“ನನ್ನ ಮಾತನ್ನ ಏನ್ರಿ ಮಾಡಿದೀರ?”

“ಒಂದಕ್ಷರ ನಾವು ಸೇರಿಸಿಲ್ಲ ಮೇಡಂ. ಎಲ್ಲ ನಿಮ್ಮ ಬಾಯಿಂದ ಬಂದಿದ್ದೇ.”

“ಹೌದಾ? ಹಾಗಾದ್ರೆ ನಿಮ್ಮ ಪ್ಯಾಂಟು ಬಿಚ್ಚಿ ಕೊಡಿ. ಒಂದೆಳೆ ನೂಲೂ ಸೇರಿಸದೆ ಲಂಗೋಟಿ ಮಾಡಿ ಕೊಡ್ತೀನಿ. ಎಲ್ಲ ನಿಮ್ಮ ಬಟ್ಟೆಯಿಂದ ಬಂದಿದ್ದೇ. ಹಾಕ್ಕೊಂಡು ಅಂಗಡಿ ಬಾಗಿಲಲ್ಲಿ ನಿಂತ್ಕೋತೀರಾ?”

ಯಾರೋ ಕಿಸಕ್ಕೆಂದರು. ಮ್ಯಾನೇಜರ ಇಸ್ತ್ರಿ ನಗೆಯಲ್ಲಿ ಮೊದಲ ಸುಕ್ಕು ಕಂಡಿತು. ಅಷ್ಟರಲ್ಲಿ ಟಿವಿಯ ಟೈಲರಮ್ಮ ಮತ್ತೆ ಶುರುಮಾಡಿದಳು: “ನನ್ನ ಜನ್ಮದಲ್ಲೇ ಇಂಥ ಫೋನ್ ನೋಡಿಲ್ಲ.”

ನಿಜವಾದ ಟೈಲರಮ್ಮ ಟಿವಿಯ ಪಕ್ಕಕ್ಕೆ ಹೋಗಿ ನಿಂತಳು. “ಫೋನಿನಿಂದ ಇಷ್ಟು ಮಾನ ಕಳಕೊಂಡಿದ್ದೂ ಇಲ್ಲ!” ಎಂದಳು ಗಟ್ಟಿಯಾಗಿ.

“ಇದನ್ನ ಮಾಡಿದವರ ಕೈಗೊಂದು ಮುತ್ತಿಡಬೇಕು” ಎಂದಿತು ಟಿವಿ.

“ನನ್ನ ಕಾದ ಇಸ್ತ್ರಿಪೆಟ್ಟಿಗೆಯಿಂದ!”

ಜನ ಹೋ ಎಂದು ನಕ್ಕರು. ಹಣ ಕೊಡಲು ಚೀಲಕ್ಕೆ ಕೈ ಹಾಕಿದ್ದವರು ಕೈ ಹಾಗೇ ಬಿಟ್ಟು ತಿರುಗಿ ನಿಂತರು. ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದರು.

“ನನ್ನ ನಾದಿನಿಗೂ ಇದನ್ನೇ ಕೊಡಿಸ್ತೀನಿ” ಎಂದಿತು ಟಿವಿ.

ಟೈಲರಮ್ಮನ ಬಾಯಿ ತೆರೆಯಿತು, ಹಾಗೇ ನಿಂತಿತು. ನಾದಿನಿ ಎರಡು ಮಾರು ದೂರದಲ್ಲಿ, ಕೆಟ್ಟ ಫೋನನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳೂ ಎಲ್ಲರಂತೆ ನಗುತ್ತಿದ್ದಳು. “ಮುಂದೆ? ಮುಂದೇನಂದ್ರಿ?” ಎಂದು ಜನ ಕೂಗಿದರು.

“ಅಷ್ಟೇ” ಎಂದಳು ಟೈಲರಮ್ಮ.

ಮ್ಯಾನೇಜರು ಇದನ್ನು ಬಿಡಲಿಲ್ಲ. “ನೋಡಿದ್ರಾ? ಇದನ್ನಾದ್ರೂ ಮೇಡಂ ಮನಸಾರೆ ಹೇಳಿದಾರೆ” ಎಂದ.

“ಹೇಳಿ ಅತ್ತಿಗೆ” ಎಂದಳು ನಾದಿನಿ. ಅವಳ ನಗು ನಿಂತಿತ್ತು. “ನಾನೂ ಕೇಳ್ತೀನಿ.”

ಟೈಲರಮ್ಮ ನಾದಿನಿಯ ಮುಖ ನೋಡಿದಳು, ಮ್ಯಾನೇಜರ ಮುಖ ನೋಡಿದಳು. ಇವನು ಗೆಲ್ಲುವುದಕ್ಕಿಂತ ಅವಳು ಮುನಿಯುವುದೇ ವಾಸಿ ಎನ್ನಿಸಿತು. “ನಾದಿನಿಗೂ ಇದನ್ನೇ ಕೊಡಿಸ್ತೀನಿ, ಅವಳ ಮೇಲೆ ಕೋಪ ಬಂದ ದಿನ. ಹಾಗಂದಿದ್ದೆ.”

ಅಂಗಡಿ ಬಿದ್ದು ಬಿದ್ದು ನಕ್ಕಿತು. ನಾದಿನಿ ನಗಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಹಿಂತಿರುಗಿ ನೋಡದೆ ನಡೆದುಬಿಟ್ಟಳು.

ಮ್ಯಾನೇಜರು ಟಿವಿ ಆರಿಸಿದ. ಆದರೆ ಯಾರೋ ಆಗಲೇ ಎಲ್ಲವನ್ನೂ ತಮ್ಮ ಫೋನಿನಲ್ಲಿ ಚಿತ್ರಿಸಿಕೊಂಡಿದ್ದರು. ಹೊತ್ತು ಮುಳುಗುವುದರೊಳಗೆ ಟೈಲರಮ್ಮನ ಮಾತುಗಳು ಬಾಲ ಸಮೇತ ಮನೆಮನೆ ಸುತ್ತಿದವು. ಮರುವಾರ ಜಾಹೀರಾತು ಮಾಯವಾಯಿತು. ಗಲಾಟೆ ಮಾಡಿದವರಿಗೆಲ್ಲ ಕಂಪನಿ ಬದಲಿ ಫೋನು ಕೊಟ್ಟಿತು. ಅದೂ ಡ್ರಾಯರ್ ಫೋನೇ. ಹೊಸ ಪೆಟ್ಟಿಗೆ, ಅದೇ ಹೆಣ. ಟ್ಯಾಕ್ಸಿಯವನು ಅದನ್ನೂ ಸೂಪರ್ ಎಂದನಂತೆ.

ಮನೆಯಲ್ಲಿ ಅತ್ತೆ ಪೂರ್ತಿ ಚಿತ್ರವನ್ನು ನೋಡಿ ಸೊಸೆಯತ್ತ ತಿರುಗಿದಳು.

“ಅಂದ್ರೆ, ಫೋನನ್ನೂ ಬೈದಿದ್ದೀಯ.”

“ಬೈದಿದ್ದೇ.”

“ಫೋನಿಗೆ ಅಂದಿದ್ದು ಸರಿ. ನನ್ನ ಮಗಳಿಗೆ ಹಾಗಂದಿದ್ದು ತಪ್ಪು” ಎಂದು ತೀರ್ಪು ಕೊಟ್ಟು, ಅಂದು ಸೊಸೆಗೆ ಕೇಳದೆಯೇ ಎರಡನೆಯ ಸಲ ಬಡಿಸಿದಳು. ತನಗೆ ಸಿಗದ ಹೊಗಳಿಕೆ ಇನ್ಯಾರಿಗೂ ಸಿಕ್ಕಿಲ್ಲವೆಂಬುದು ಅವಳಿಗೆ ದೊಡ್ಡ ಸಮಾಧಾನವಾಗಿತ್ತು.

ನಾದಿನಿ ಮಾತ್ರ ಈ ಕಡೆ ಸುಳಿಯಲಿಲ್ಲ. ತಾಯಿಯನ್ನು ನೋಡಬೇಕೆನಿಸಿದರೆ ತನ್ನ ಮನೆಗೇ ಕರೆಸಿಕೊಳ್ಳುತ್ತಿದ್ದಳು. ಟೈಲರಮ್ಮ ಹೋಗಿ ಕರೆಯಲಿಲ್ಲ. ಕರೆಯಲು ಹೊರಟರೆ ಬಾಯಿಯಿಂದ ಇನ್ನೇನು ಬರುತ್ತದೋ ಎಂಬ ಭಯ ಅವಳಿಗೇ ಇತ್ತು. ಆದರೆ ಸಂಜೆ ಹೊತ್ತು ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ಅವಳ ಕಾಲು ತಾನಾಗಿಯೇ ಯಂತ್ರದ ತುಳಿಮಣೆಯ ಮೇಲೆ ನಿಲ್ಲುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ದಿನ ನಾದಿನಿ ಬಂದಳು. ಬಗಲಲ್ಲಿ ಒಂದು ಬಟ್ಟೆಯ ಪೊಟ್ಟಣ.

“ಮಾತಾಡೋಕೆ ಬಂದಿಲ್ಲ. ಅಳತೆ ಕೊಡೋಕೆ ಬಂದಿದೀನಿ.”

“ನಿಲ್ಲು.”

ಟೈಲರಮ್ಮ ಟೇಪು ಹಿಡಿದು ಭುಜ ಅಳೆದಳು, ತೋಳು ಅಳೆದಳು. ಹುಡುಗಿ ಸ್ವಲ್ಪ ಇಳಿದುಹೋಗಿದ್ದಳು. ಪೊಟ್ಟಣ ಬಿಚ್ಚಿದಳು. ಹಳದಿಯೂ ಅಲ್ಲದ, ಹಸಿರೂ ಅಲ್ಲದ ಬಟ್ಟೆ. ಒಂದು ಗಳಿಗೆ ತುಟಿ ಬಿಗಿಹಿಡಿದು ನೋಡಿದಳು, ಆಗಲಿಲ್ಲ.

“ಈ ಬಣ್ಣ ನಿನಗೆ ಒಪ್ಪಲ್ಲ.”

“ಗೊತ್ತು” ಎಂದಳು ನಾದಿನಿ, ಸ್ಟೂಲು ಎಳೆದುಕೊಂಡು ಕೂರುತ್ತ. “ಹೊಲೀರಿ.”