ಯಾರ ಕಡೆಯದು

ಕುಡಿಸಿದ ಹಾಲು ಮತ್ತೆ ಕೂಸಿನ ಮೂಗಿನಿಂದ ಹೊರಬಂತು. ಸೊಸೆ ಒರೆಸಿ ಚಮಚ ಕೆಳಗಿಟ್ಟಳು. ಬಾಗಿಲಲ್ಲಿದ್ದ ಅತ್ತೆ ಬಟ್ಟೆ ಮಡಚುವ ನೆಪದಲ್ಲಿ ಮುಖ ತಿರುಗಿಸಿದಳು. ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಅಳುವ ಮಕ್ಕಳನ್ನು ಹಿಡಿದುಕೊಳ್ಳುತ್ತಿದ್ದ ಆಕೆಗೆ ಹಿಡಿಯಮ್ಮ ಎಂದೇ ಹೆಸರು. ಆದರೆ ತುಟಿಯಿಂದ ಅಂಗುಳದವರೆಗೂ ಸೀಳಿ ಹುಟ್ಟಿದ ಈ ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

"ನಿಮ್ಮಪ್ಪ ಆ ಅಣು ಸ್ಥಾವರದಲ್ಲಿ ದುಡಿದ್ರಲ್ಲ, ಅದರ ಫಲ ಇದು. ಬಿತ್ತಿದ್ದು ಅಲ್ಲಿ, ಬೆಳೆ ನಮ್ಮನೇಲಿ."

"ನಮ್ಮಪ್ಪ ಅಲ್ಲಿ ಪೈಪು ಬೆಸೀತಿದ್ರು ಅತ್ತೆ, ಪಾಪ ಮಾಡ್ತಿರ್ಲಿಲ್ಲ."

"ಬಾಯಿಗೇನೂ ಕಮ್ಮಿ ಇಲ್ಲ!" ಎಂದುಬಿಟ್ಟು ಹಿಡಿಯಮ್ಮ ತುಟಿ ಕಚ್ಚಿಕೊಂಡಳು. ಬಾಯಿ ಎಂಬ ಮಾತೇ ಈಗ ಆ ಮನೆಯಲ್ಲಿ ಚುಚ್ಚುತ್ತಿತ್ತು.

ಮರುದಿನ ಡಾಕ್ಟರ ಮುಂದೆ ಕೂರುವ ಮೊದಲೇ ಹಿಡಿಯಮ್ಮ ಕೇಳಿದಳು: "ಇದು ಬೀಗರ ಕಡೆಯಿಂದ ಬಂದದ್ದು ತಾನೇ?"

"ಹಾಗೆ ಹೇಳೋಕಾಗಲ್ಲಮ್ಮ. ವಿಕಿರಣ ತಾಗಿದವರ ಮಕ್ಕಳನ್ನ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದಾರೆ. ಪ್ರಾಣಿಗಳ ಮರಿಗಳಲ್ಲಿ ಕಂಡ ದೋಷ ಮನುಷ್ಯರಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿಲ್ಲ. ಸೀಳುತುಟಿ ಯಾರ ಮನೇಲಾದ್ರೂ ಆಗುತ್ತೆ. ಹೊಲಿಯೋಣ."

"ಹೌದು ಅನ್ನಲ್ಲ, ಅಲ್ಲ ಅನ್ನಲ್ಲ. ಇಷ್ಟು ಓದಿ ಏನು ಬಂತು?" ಹಿಡಿಯಮ್ಮ ಹಣೆ ಚಚ್ಚಿಕೊಂಡಳು.

ಡಾಕ್ಟರು ನಕ್ಕರು. "ಎರಡೂ ಕಡೆ ಕೇಳಬೇಕು. ನೀವೇನು ಕೆಲಸ ಮಾಡ್ತಿದ್ರಿ?"

"ಆಯಾ. ಎಕ್ಸ್-ರೇ ಕೋಣೇಲಿ ಮಕ್ಕಳು ಅಲುಗಾಡದ ಹಾಗೆ..."

ಹಿಡಿಯಮ್ಮ ತನ್ನ ಅಂಗೈ ನೋಡಿಕೊಂಡಳು. ವಿಕಿರಣ ತಡೆಯಲು ಕೋಣೆಗಿದ್ದದ್ದು ಒಂದೇ ಸೀಸದ ಅಂಗಿ. ಅದು ಯಂತ್ರ ನಡೆಸುವವನ ಮೈಮೇಲಿರುತ್ತಿತ್ತು. 'ಅಲುಗಾಡಬೇಡ ಪುಟ್ಟಾ' ಎನ್ನುತ್ತ ಇವಳು ಬರಿಗೈಯಲ್ಲಿ ತಲೆ ಹಿಡಿಯುತ್ತಿದ್ದಳು, ಮಗ ಹೊಟ್ಟೆಯಲ್ಲಿದ್ದಾಗಲೂ.

ಈಗ ಸೊಸೆ ತಿರುಗಿಸಿ ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ಕೂಸಿನ ಟೋಪಿ ಸರಿಮಾಡಿದಳು. ಬೈಗುಳವಾಗಿದ್ದರೆ ಹಿಡಿಯಮ್ಮ ತಡೆದುಕೊಳ್ಳಬಹುದಿತ್ತು.

"ಹಾಗಾದ್ರೆ ನನ್ನಿಂದಲೇನಾ?"

"ನಿಮಗೂ ಅದೇ ಉತ್ತರ ಅಮ್ಮ. ಯಾರ ತಲೆಗೂ ಕಟ್ಟೋಕೆ ಬರಲ್ಲ."

ಅರೆಗಳಿಗೆ ಮೊದಲು ಕೈಲಾಗದವರ ಮಾತು ಎನಿಸಿದ್ದೇ ಈಗ ಬಿಸಿಲಲ್ಲಿ ಸಿಕ್ಕ ನೆರಳಿನಂತಾಯಿತು.

ಮನೆ ಮೆಟ್ಟಿಲಲ್ಲೇ ಪಕ್ಕದ ಮನೆಯಾಕೆ ಕತ್ತು ಚಾಚಿದಳು. "ಪಾಪ, ಯಾರ ಕಡೇದಂತೆ?"

"ನಮ್ಮ ಕಡೇದೇ ಕಣಮ್ಮ. ನಮ್ಮನೆ ಕೂಸು," ಎಂದು ಹಿಡಿಯಮ್ಮ ಒಳಬಂದು ಬಾಗಿಲು ಮುಂದೆ ಮಾಡಿದಳು. ಸೊಸೆಯತ್ತ ಕೈ ಚಾಚಿದಳು. "ಕೊಡು ಇಲ್ಲಿ. ನೆಟ್ಟಗೆ ಕೂರಿಸಿ ತಲೆ ಹಿಡೀಬೇಕು. ನೀನು ಚಮಚ ಹಿಡಿ."

ಮೊದಲ ಗುಟುಕು ಮೂಗಿಗೇ ಬಂತು. ಸೊಸೆ ಚಮಚ ಹಿಂದಕ್ಕೆಳೆದಳು.

"ಇನ್ನೊಂದು ಹಾಕು," ಎಂದು ಹಿಡಿಯಮ್ಮ ಕೂಸಿನ ಕಿವಿಯ ಹತ್ತಿರ ಬಾಗಿದಳು. "ಅಲುಗಾಡಬೇಡ ಪುಟ್ಟಾ."

ಗುಟುಕು ಇಳಿಯಿತು.