ಪಟ್ಟಿಯಲ್ಲಿ ಹಿರೇಕೊಡಿಗೆ

ಬೆಳಿಗ್ಗೆ ಹತ್ತು ಗಂಟೆಗೆ ಒಂದು ಲೋಟ ಕಾಫಿ, ಒಂದು ಪೇಪರು, ಕೇಳುವುದಕ್ಕೆ ಎರಡು ಕಿವಿ ಇದ್ದುಬಿಟ್ಟರೆ ಹಿರೇಕೊಡಿಗೆಯ ವಾಸಪ್ಪಗೌಡರು ಅಮೆರಿಕದಿಂದ ವಿಯೆಟ್ನಾಂವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಆ ಎರಡು ಕಿವಿ ಕೊರಗನವು. ಮೂವತ್ತು ವರ್ಷದಿಂದ ಗೌಡರ ಜಮೀನಿನಲ್ಲಿ ಕೆಲಸಕ್ಕಿದ್ದ ಕೊರಗ, ಕಣದಲ್ಲಿ ಒಣಹಾಕಿದ ಕಾಳುಮೆಣಸನ್ನು ಕಾಲಿನಿಂದ ಕೆದಕುತ್ತಾ, ಕುಂಟುತ್ತಾ, ಹೂಂಗುಟ್ಟುತ್ತಿದ್ದ.

"ನೋಡಾ ಕೊರಗ, ಈ ಅಮೆರಿಕದವ್ರಿಗೆ ನಮ್ಮ ಮಾಲಿನ ಮೇಲೆ ತೆರಿಗೆ ಏರ್ಸದು, ಇಳ್ಸದು, ಇದೇ ಕೆಲ್ಸ. ಈ ಕಡೆ ವಿಯೆಟ್ನಾಂ ಮೆಣಸು ಸಿಲೋನ್ ಸುತ್ಕಂಡು ಬಂದು ನಮ್ಮ ರೇಟು ಬೀಳ್ಸತ್ತೆ. ಅದೂ ಹಾಳಾಗ್ಲಿ, ಅಲ್ಲಿ ಮತ್ತೆ ಯಾವನೋ ಶಾಲೆಗೆ ನುಗ್ಗಿ ಗುಂಡು ಹೊಡ್ದಿದಾನಂತೆ ಮಾರಾಯ. ನಮ್ಮಲ್ಲಿ ಎಷ್ಟು ಮನೇಲಿ ಕೋವಿ ಇಲ್ಲ? ಒಂದು ದಿನ ಅಂಥದ್ದು ಕೇಳಿದೀಯಾ?"

"ಇಲ್ಲ ಗೌಡ್ರೆ" ಎಂದ ಕೊರಗ.

"ಅಮೆರಿಕಕ್ಕೆ ಬುದ್ಧಿ ಹೇಳಿದ್ದು ಸಾಕು, ಕಾಫಿ ಆರ್ತದೆ" ಎಂದು ಗೌಡರ ಹೆಂಡತಿ ಯಮುನಮ್ಮ ಒಳಗಿನಿಂದ ಕೂಗಿದರು.

ಕೊರಗನ ಎಡತೊಡೆಯಲ್ಲಿ ಹನ್ನೆರಡು ವರ್ಷದಿಂದ ಐದು ಚರೆ ಕೂತಿದ್ದವು. ಚರೆ ಎಂದರೆ ಮೆಣಸಿನ ಕಾಳಿನಷ್ಟು ಗಾತ್ರದ ಸೀಸದ ಗುಂಡು. ಇದೇ ಗೌಡರ ಕೋವಿಯದು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವುದು ಎಂದರೆ ಇನ್ನೇನು?

ಹಾಗಂತ ಗೌಡರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವತ್ತು ಬೆಳಗಿನ ಮಂಜಿನಲ್ಲಿ ಗದ್ದೆಯೊಳಗೆ ಏನೋ ಅಲುಗಾಡಿತು. ಹಂದಿ ಎಂದುಕೊಂಡು ಹೊಡೆದರು. ಬದು ಕಡಿದು ನೀರು ಬಿಡಲು ಬಗ್ಗಿದ್ದ ಕೊರಗ ಕೂಗಿಕೊಂಡ. ಗೌಡರೇ ಹೆಗಲ ಮೇಲೆ ಹೊತ್ತು ತಂದು ಜೀಪಿನಲ್ಲಿ ಮಲಗಿಸಿದರು. ಹಳ್ಳದ ಸೇತುವೆ ಮುಳುಗಿದೆ, ಶಿವಮೊಗ್ಗದ ಆಸ್ಪತ್ರೆಗೆ ದಾರಿಯಿಲ್ಲ ಎಂದು ಹೇಳಿ, ಪರಿಚಯದ ಮುದಿ ಕಂಪೌಂಡರನ ಮನೆಗೆ ಕರೆದೊಯ್ದರು. ಅವನು ಕೈಗೆ ಸಿಕ್ಕಷ್ಟು ಚರೆ ಕಿತ್ತ, ಉಳಿದದ್ದು ಉಳಿಯಿತು. ಊರಿಗೆಲ್ಲ ಕಡಿದುಳಿದ ಬಿದಿರ ಕೂಳೆ ಚುಚ್ಚಿತು ಎಂದು ಹೇಳಿದ್ದಾಯಿತು. ಮರ ಹತ್ತುವುದರಲ್ಲಿ ಊರಿಗೇ ಮೊದಲಿಗನಾಗಿದ್ದ ಕೊರಗ ಆಮೇಲೆ ಮರ ಹತ್ತಲಿಲ್ಲ. ಪೊಲೀಸರ ಹತ್ತಿರವೂ ಹೋಗಲಿಲ್ಲ. "ಗೌಡ್ರು ಹೊತ್ಕಂಡು ಹೋಗ್ದೆ ಇದ್ರೆ ನಾನೆಲ್ಲಿರ್ತಿದ್ದೆ?" ಎಂದು ಕಂಡಾಗಲೆಲ್ಲ ಕೈಮುಗಿಯುತ್ತಿದ್ದ. ಅವನ ಋಣ ತಮ್ಮ ಮೇಲಿದೆ ಎಂದು ಗೌಡರಿಗೆ ಗೊತ್ತಿತ್ತು. ದೇವರ ಮುಂದೆ ನಿಂತಾಗ ಹೆಂಡತಿ ಮಕ್ಕಳಿಗಿಂತ ಮೊದಲು ಅವನ ಹೆಸರೇ ನೆನಪಾಗುತ್ತಿತ್ತು. ಆದರೆ ಅವನು ಕೈಮುಗಿದಾಗ ಮಾತ್ರ ಮುಖ ತಿರುಗಿಸಿಬಿಡುತ್ತಿದ್ದರು.

ಕಾಫಿ ಮುಗಿಯುವ ಹೊತ್ತಿಗೆ ಕೊರಗನ ಮಗಳು ದೀಪಶ್ರೀ ಒಂದು ನೋಟ್‌ಬುಕ್ ಹಿಡಿದು ಬಂದಳು. ಕೊಪ್ಪದ ಕಾಲೇಜಿನಲ್ಲಿ ಕಡೇ ವರ್ಷದ ಬಿ.ಎ. ಓದುತ್ತಿದ್ದ ಹುಡುಗಿ.

"ಎಂಥದು ಮಾರಾಯ್ತಿ, ಕಾಲೇಜಿಗೆ ಚಕ್ಕರಾ?"

"ನಾಳೆ ಸೆಮಿನಾರು ಗೌಡ್ರೆ. ಬೇರೆ ಬೇರೆ ದೇಶದ ಕೋವಿ, ವ್ಯಾಪಾರ, ಎರಡೂ ಪಕ್ಕ ಪಕ್ಕ ಇಟ್ಟು ಪಟ್ಟಿ ಮಾಡಿದೀನಿ. ಒಂದು ಮೂಟೆ ಮೆಣಸು ಗಡಿ ದಾಟಿದ್ರೆ ಯಾವ ದೇಶದಲ್ಲಾದ್ರೂ ಬರ್ದಿಡ್ತಾರೆ. ಗುಂಡು ತಾಗಿದ್ದು ಯಾರಾದ್ರೂ ಬಾಯಿಬಿಟ್ರೆ ಮಾತ್ರ ಲೆಕ್ಕಕ್ಕೆ ಬರ್ತದೆ. ಅದನ್ನೇ ಹೇಳ್ಬೇಕು ಅಂತಿದೀನಿ."

ಗೌಡರು ಕನ್ನಡಕ ಏರಿಸಿ ನೋಡಿದರು. ಅಮೆರಿಕ, ಬ್ರೆಜಿಲ್, ಜಪಾನ್, ಇಂಡಿಯಾ, ಒಂದೊಂದರ ಮುಂದೆ ಗುಂಡು ತಾಗಿದವರ ಲೆಕ್ಕ. ಎಲ್ಲಕ್ಕಿಂತ ಕೆಳಗೆ ಹಿರೇಕೊಡಿಗೆ. ಅದರ ಮುಂದೆ ಖಾಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಗೌಡರ ಕೈ ತಮ್ಮ ಹೆಗಲಿಗೇ ಹೋಯಿತು.

"ಗೌಡ್ರನ್ನ ಕೇಳ್ದೆ ಬರೀಬೇಡ ಅಂತ ಅಪ್ಪ ಹೇಳಿದಾರೆ" ಎಂದಳು ದೀಪಶ್ರೀ. ಅಪ್ಪನ ತೊಡೆಗೆ ಎಣ್ಣೆ ತಿಕ್ಕಿ ಬೆಳೆದ ಹುಡುಗಿಗೆ ಬಿದಿರ ಕೂಳೆಯ ಕಥೆ ಹೇಳಿ ಪ್ರಯೋಜನವಿರಲಿಲ್ಲ.

ಬರೆದರೆ ನಾಳೆ ಕಾಲೇಜು, ನಾಡಿದ್ದು ಕೊಪ್ಪದ ಪೇಟೆ, ಆಮೇಲೆ ಪೊಲೀಸು, ಕೋವಿಯ ಲೈಸೆನ್ಸು. ಗೌಡರು ಕನ್ನಡಕ ತೆಗೆದು ಮಡಿಚಿದರು. ಆದರೂ ಹೇಳಿದರು. "ಒಂದು ಅಂತ ಬರಿ. ನನ್ನ ಹೆಸರೂ ಬರಿ."

ಇಷ್ಟಕ್ಕೇ ಮುಗಿದಿದ್ದರೆ ಗೌಡರು ಎದೆಯುಬ್ಬಿಸಿಕೊಂಡೇ ಊಟಕ್ಕೆ ಏಳುತ್ತಿದ್ದರು. ಆದರೆ ಕೊರಗನಿಗೆ ಕಣ್ಣು ತುಂಬಿ ಬಂತು.

"ಹಂಗಾದ್ರೆ ಪೂರ್ತಿ ಬರಿ ಮಗಾ. ಬೇರೆ ದೇಶದಲ್ಲಿ ಹೊಡ್ದವ್ನು ಓಡಿಹೋಗ್ತಾನೆ. ನಮ್ಮ ಗೌಡ್ರು ಸೇತುವೆ ಮುಳುಗಿದ್ರೂ ಬಿಡ್ದೆ, ಹೊತ್ಕಂಡು ಹೋಗಿ ಬದುಕ್ಸಿದ್ರು ಅಂತ ಬರಿ."

ದೀಪಶ್ರೀ ಬರೆಯತೊಡಗಿದಳು. ಪೆನ್ನು 'ಬದುಕಿಸಿದರು' ಎಂಬಲ್ಲಿಗೆ ಬಂದಿತ್ತು.

"ನಿಲ್ಸು" ಎಂದರು ಗೌಡರು. "ಸೇತುವೆ ಮುಳುಗಿರ್ಲಿಲ್ಲ."

ಕೊರಗನ ಕಾಲು ಮೆಣಸಿನ ಮೇಲೆ ನಿಂತುಬಿಟ್ಟಿತು.

"ಶಿವಮೊಗ್ಗಕ್ಕೆ ಹೋದ್ರೆ ಕೇಸಾಗ್ತದೆ ಅಂತ ಹೆದ್ರಿಕೆ ಆಯ್ತು ಕೊರಗ. ನೀನು ಮಲಗಿದ್ದೆ, ನಿಂಗೆ ರಸ್ತೆ ಕಾಣ್ತಿರ್ಲಿಲ್ಲ. ಸುಳ್ಳು ಹೇಳ್ದೆ."

ಕೊರಗ ತನ್ನ ಎಡತೊಡೆ ಮುಟ್ಟಿ ನೋಡಿಕೊಂಡ. ಆಮೇಲೆ ಕೇಳಿದ. "ಅವತ್ತೇ ಹೋಗಿದ್ರೆ ನಾನು ಮರ ಹತ್ತತಿದ್ನಾ ಗೌಡ್ರೆ?"

"ಗೊತ್ತಿಲ್ಲ. ಹತ್ತತಿದ್ದೆ ಏನೋ."

ಕೊರಗ ಮಗಳ ಕಡೆ ತಿರುಗಿದ. "ಬದುಕ್ಸಿದ್ರು ಅನ್ನದನ್ನ ಹೊಡ್ದುಹಾಕು."

ಅವಳು ಹೊಡೆದುಹಾಕಿದಳು. ಇವನಿನ್ನು ಕೆಲಸ ಬಿಟ್ಟು ಹೋದ, ಇವನ ಮುಖ ಇನ್ನು ಕಾಣುವುದಿಲ್ಲ ಎಂದುಕೊಂಡರು ಗೌಡರು. ಕೊರಗ ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ.

"ಜೀಪು ತೆಗೀರಿ ಗೌಡ್ರೆ. ಅವತ್ತು ಹೋಗ್ಬೇಕಾಗಿದ್ದಲ್ಲಿಗೆ ಇವತ್ತು ಹೋಗಾಣ. ಏನಾಯ್ತು ಅಂತ ಅಲ್ಲಿಯವ್ರು ಕೇಳಿದ್ರೆ ನಾನು ಬಾಯಿಬಿಡಲ್ಲ. ನೀವೇ ಹೇಳ್ಬೇಕು."

ಗೌಡರಿಗೆ ಅಳು ತಡೆಯಲಾಗಲಿಲ್ಲ. ಅವನು ಬೈದಿದ್ದರೆ ಕೇಳಿಕೊಳ್ಳಬಹುದಿತ್ತು, ಕ್ಷಮಿಸಿದ್ದರೆ ಮತ್ತೊಂದು ಹನ್ನೆರಡು ವರ್ಷ ಮುಖ ತಿರುಗಿಸಿಕೊಂಡು ಓಡಾಡಬೇಕಿತ್ತು. ಅವನು ಒಂದು ಕೆಲಸ ಹೇಳಿದ, ಅದೂ ತಮ್ಮ ಕೈಯಲ್ಲಾಗುವ ಕೆಲಸ. ಇಷ್ಟು ದೊಡ್ಡ ಉಪಕಾರವನ್ನು ಅವರಿಗೆ ಇನ್ಯಾರೂ ಮಾಡಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಶಿವಮೊಗ್ಗದ ದೊಡ್ಡಾಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಕೂತಿದ್ದ ಹೆಂಗಸು ತಲೆಯೆತ್ತದೆ ಕೇಳಿದಳು. "ಹೆಸ್ರು ಕೊರಗ. ಏನಾಗಿದೆ?"

ಕೊರಗ ಗೌಡರ ಕಡೆ ನೋಡಿದ. ಹಿಂದೆ ಉದ್ದ ಸಾಲಿತ್ತು. ವಾಸಪ್ಪಗೌಡರು ಕಿಟಕಿಗೆ ಮುಖ ಕೊಟ್ಟು, ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದರು.

"ಗುಂಡೇಟು. ಹೊಡ್ದವ್ನು ನಾನು."

ಅವಳು ತಲೆಯೆತ್ತಿ ಇಬ್ಬರನ್ನೂ ನೋಡಿ, ಬರೆದುಕೊಂಡಳು.